ಮೂರು ಗಂಟಿನ ಬಸ್ತಾ

ಹಣಮಂತರಾಯ ವಕೀಲರು ಎರಡು ವರ್ಷದಿಂದ ಕಾಗದಗಳನ್ನು ಕಿವಿಯಿಂದಲೇ ಓದುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ನಿಂತವರು ಗಂಡಸೋ ಹೆಂಗಸೋ ಎಂಬುದು ತಿಳಿಯುತ್ತಿತ್ತು, ಅಕ್ಷರ ಮಾತ್ರ ಇರುವೆ ಸಾಲಿನಂತೆ ಕಂಡು ಕಲಸಿಹೋಗುತ್ತಿತ್ತು. ಹೈದರಾಬಾದಿಗೆ ಹೋಗಿ ಕಣ್ಣು ತೋರಿಸಿಕೊಳ್ಳಿರೆಂದು ಹೆಂಡತಿ ವಿಮಲಾಬಾಯಿ ಹೇಳಿ ಹೇಳಿ ಸುಮ್ಮನಾಗಿದ್ದರು. ಪುಸ್ತಕ ಒಂದು ಮುಗಿಯಲಿ ಎನ್ನುವುದೇ ವಕೀಲರ ಉತ್ತರ. ಹೀಗಾಗಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಜೈನಾಬಿ ಕಲಬುರಗಿಯ ರೋಜಾ ಓಣಿಯಿಂದ ನಡೆದು ಬರುತ್ತಿದ್ದಳು. ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಚಾಪೆಯ ಮೇಲೆ ಕೂತು, ಹಳೆಯ ಮೊಕದ್ದಮೆಗಳ ಉರ್ದು ಕಾಗದಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ವಕೀಲರು ಕಣ್ಣು ಮುಚ್ಚಿ ಕೇಳಿ, ಬೇಕಾದ್ದನ್ನು ಕನ್ನಡದಲ್ಲಿ ಹೇಳಿದರೆ ಅವಳೇ ಬರೆದುಕೊಳ್ಳುತ್ತಿದ್ದಳು.

ಅವಳ ತಂದೆ ಅದಾಲತ್ತಿನಲ್ಲಿ ನಕಲು ಬರೆಯುವ ಕೆಲಸದವರು. ಎಂಥ ಅವಸರದ ಬರವಣಿಗೆಯನ್ನೂ ಬಿಡಿಸಿ ಓದುವುದನ್ನು ಮಗಳಿಗೆ ಕಲಿಸಿದ್ದರು. ಕನ್ನಡ ಕಲಿತದ್ದು ಮದುವೆಯಾದ ಮೇಲೆ, ಗಂಡನಿಂದ. ಗಂಡ ನಬಿಸಾಬ್ ಕಮಲಾಪುರದ ಶಾಲೆಯ ಮಾಸ್ತರ.

ಮಾಸ್ತರ ಇಲ್ಲವಾಗಿ ಐದು ವರ್ಷವಾಗಿತ್ತು. ಇಲ್ಲವಾಗಿ ಎಂದೇ ಹೇಳಬೇಕು, ಏಕೆಂದರೆ ಅವರ ಹೆಣವನ್ನು ಯಾರೂ ಕಂಡಿರಲಿಲ್ಲ. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಗಿ, ನಿಜಾಮರ ರಾಜ್ಯ ಹೋಗಿ, ಆರನೆಯ ದಿನ ಏಳು ಜನ ಬಂದು ಮಾಸ್ತರರನ್ನು ಮಾತನಾಡುವುದಿದೆ ಎಂದು ಕರೆದುಕೊಂಡು ಹೋದರು. ಅವರಲ್ಲಿ ಜೈನಾಬಿ ಗುರುತಿಸಿದ್ದು ದತ್ತಪ್ಪನೊಬ್ಬನನ್ನು. ಉಳಿದವರು ಮುಖಕ್ಕೆ ಬಟ್ಟೆ ಕಟ್ಟಿದ್ದರು, ದತ್ತಪ್ಪ ಕಟ್ಟಿರಲಿಲ್ಲ. ಅವನು ಬಾಳೆತೋಟದವನು, ಮಾಸ್ತರರ ಹಳೆಯ ಶಿಷ್ಯ. ಅದಕ್ಕೂ ಎರಡು ತಿಂಗಳ ಹಿಂದೆ ಅವನ ಅಣ್ಣನನ್ನು ನಿಜಾಮರ ಕಡೆಯ ರಜಾಕಾರರು ಕೊಂದಿದ್ದರು. ಕೊಂದವರು ಬೇರೆ ಊರವರು, ಮಾಸ್ತರರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಆ ವಾರ ಅದನ್ನೆಲ್ಲ ಕೇಳುವವರು ಯಾರಿದ್ದರು?

ಜೈನಾಬಿಯ ಮಾತಿನ ಮೇಲೆ ದತ್ತಪ್ಪನಿಗೆ ಫಾಶಿ ಶಿಕ್ಷೆಯಾಯಿತು. ಅವನ ಪರವಾಗಿ ನಿಂತವರು ಹಣಮಂತರಾಯರು. ಶಿಕ್ಷೆಯ ಸುದ್ದಿ ಬಂದ ವಾರವೇ ಅವರು ರೋಜಾದ ಗಲ್ಲಿಗೆ, ಜೈನಾಬಿ ಆಶ್ರಯ ಪಡೆದಿದ್ದ ಚಿಕ್ಕಮ್ಮ ಇಕ್ಬಾಲ್ ಬೇಗಂ ಅವರ ಮನೆಗೆ, ತಾವೇ ನಡೆದು ಬಂದರು. ಆಗ ಕಣ್ಣು ಚೆನ್ನಾಗಿತ್ತು. ಪರದೆಯ ಈಚೆ ಕೂತು ಒಂದು ಗಂಟೆ ಮಾತನಾಡಿದರು. ನ್ಯಾಯಾಧೀಶನೂ ಮನುಷ್ಯನೇ, ತಪ್ಪು ಮಾಡುತ್ತಾನೆ. ಜೈಲಿಗೆ ಹಾಕಿದವನನ್ನು ತಪ್ಪು ತಿಳಿದಾಗ ಹೊರಗೆ ತರಬಹುದು, ಹಗ್ಗಕ್ಕೆ ಕೊಟ್ಟವನನ್ನು ತರಲಾಗದು. ಈಗ ಎರಡೂ ಕಡೆಯವರು ಫಾಶಿ, ಫಾಶಿ ಎಂದು ಕೂಗುತ್ತಿದ್ದಾರೆ. ಹೊಸ ರಾಜ್ಯ ಹೆಣಗಳಿಂದ ಶುರುವಾದರೆ ಹೆಣಗಳಿಂದಲೇ ನಡೆಯುತ್ತದೆ. ಸತ್ತವನ ಮನೆಯವರೇ ಫಾಶಿ ಬೇಡ ಎಂದು ಬರೆದುಕೊಟ್ಟರೆ ಹೈಕೋರ್ಟು ಕೇಳಿಸಿಕೊಳ್ಳುತ್ತದೆ.

ಜೈನಾಬಿ ಪರದೆಯ ಹಿಂದಿನಿಂದ ಒಂದೇ ಮಾತು ಕೇಳಿದ್ದಳು. ಮಾಸ್ತರರನ್ನು ಎಲ್ಲಿ ಹಾಕಿದ್ದಾರೆ?

"ಅವನ ಜೀವ ಉಳೀಲಿ, ಬೇಟಿ," ಎಂದಿದ್ದರು ವಕೀಲರು. "ಅವನ ಬಾಯಿಂದ ಆ ಜಾಗ ನಾ ಹೊರಡಿಸಿ ಕೊಡ್ತೀನಿ. ಸತ್ತವ ಹೇಳಾಂಗಿಲ್ಲ. ಬದುಕಿದವ ಇವತ್ತಿಲ್ಲ ನಾಳೆ ಹೇಳ್ತಾನ."

ಈ ಮಾತು ಅವಳಿಗೆ ಲೆಕ್ಕಕ್ಕೆ ಸರಿ ಎನಿಸಿತು. ಹೆಣವಿಲ್ಲದೆ ಜನಾಜ ಇಲ್ಲ, ಕಬರ್ ಇಲ್ಲ, ಫಾತೇಹಾ ಓದಲು ಒಂದು ಕಡೆ ಇಲ್ಲ. ಕೈಯ ಬಳೆ ಒಡೆಯುವುದೋ ಉಳಿಸಿಕೊಳ್ಳುವುದೋ ಎಂದು ಹೇಳುವವರೂ ಇಲ್ಲ. ದತ್ತಪ್ಪ ಸತ್ತರೆ ಅವನೊಂದಿಗೆ ಆ ಜಾಗವೂ ಹೋಗುತ್ತದೆ. ಬೇಗಂ ಮೂರು ದಿನ ಮಾತು ಬಿಟ್ಟರೂ ಅವಳು ಚೀಟಿ ಬರೆದುಕೊಟ್ಟಳು. ನಬಿಸಾಬ್ ಮಾಸ್ತರರ ಹೆಂಡತಿಯಾದ ನಾನು ದತ್ತಪ್ಪನಿಗೆ ಫಾಶಿಯಾಗುವುದನ್ನು ಒಪ್ಪುವುದಿಲ್ಲ, ಅವನು ಬದುಕಿ ತಾನು ಮಾಡಿದ್ದನ್ನು ಹೇಳಬೇಕು. ಇಷ್ಟೇ.

ಹೈಕೋರ್ಟು ಶಿಕ್ಷೆಯನ್ನು ಜನ್ಮಠೇಪಿಗೆ, ಅಂದರೆ ಜೀವಾವಧಿ ಜೈಲಿಗೆ, ಇಳಿಸಿತು. ಹೆಣವೇ ಸಿಗದಿರುವಾಗ ಸಾವನ್ನು ನೂರಕ್ಕೆ ನೂರು ಸಾಬೀತಾದದ್ದೆಂದು ಹೇಳಲಾಗದು, ಸಂಶಯವಿದ್ದಲ್ಲಿ ಮರಳಿ ಸರಿಪಡಿಸಲಾಗದ ಶಿಕ್ಷೆ ಸಲ್ಲದು ಎಂಬ ವಕೀಲರ ವಾದವನ್ನು ಒಪ್ಪಿತು. ಅದೇ ವಾದವನ್ನು ಬೆಳೆಸಿ ಅವರು ಒಂದು ಸಣ್ಣ ಪುಸ್ತಕ ಮಾಡಿದರು. ಮೂರನೆಯ ಅಧ್ಯಾಯ ಕಮಲಾಪುರದ ಮೊಕದ್ದಮೆ, ಅದರ ಕೊನೆಗೆ ಜೈನಾಬಿಯ ಚೀಟಿ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಹೈದರಾಬಾದಿನ ವಿಧಾನಸಭೆಯಲ್ಲಿ ಸದಸ್ಯರೊಬ್ಬರು ಅದರಿಂದ ಎರಡು ಪುಟ ಓದಿದರಂತೆ. ಇನ್ನೊಬ್ಬರು ಎದ್ದು, ಕೊಂದವನಿಗೆ ಊಟ ಹಾಕಿ ಸಾಕುವುದು ಯಾವ ನ್ಯಾಯ ಎಂದು ಜಗಳ ತೆಗೆದರಂತೆ. ಕಲಬುರಗಿಯ ಟಾಂಗಾದವರು ಅವರಿಗೆ ಫಾಶಿಬ್ಯಾಡ ರಾಯರು ಎಂದೇ ಹೆಸರಿಟ್ಟಿದ್ದರು. ಆ ಹೆಸರಿನಲ್ಲಿ ಗೇಲಿ ಇತ್ತು, ಗೌರವವೂ ಇತ್ತು.

ಜಾಗ ಮಾತ್ರ ಹೊರಡಲಿಲ್ಲ. ಜೈಲಿಗೆ ಹೋಗಿ ಕೇಳಿದೆ, ಅವನು ಬಾಯಿ ಬಿಡಲೊಲ್ಲ ಎಂದು ವಕೀಲರು ಹೇಳುತ್ತಿದ್ದರು. ಮುಂದಿನ ವರ್ಷವೂ ಅದನ್ನೇ ಹೇಳಿದರು. ಪಶ್ಚಾತ್ತಾಪಕ್ಕೂ ಕಾಲ ಬೇಕು ಬೇಟಿ ಎಂದರು. ಜೈನಾಬಿ ಕಾದಳು. ಅಷ್ಟರಲ್ಲಿ ಅವರ ಕಣ್ಣು ಹೋಗಿ, ಅವಳಿಗೆ ಅವರಲ್ಲೇ ಕೆಲಸವಾಯಿತು. ಓದುತ್ತ ಓದುತ್ತ ಅವರ ಮಾತು ಅವಳ ಮಾತೂ ಆಯಿತು. ತಪ್ಪಿಲ್ಲದೆ ಹಗ್ಗ ಕಂಡವರ ಎಷ್ಟೋ ಕಾಗದಗಳನ್ನು ಅವಳು ಆ ಚಾಪೆಯ ಮೇಲೆ ಓದಿದ್ದಳು. ಬೇಗಂ ಜೊತೆ ಈಗ ಫಾಶಿಯ ವಿಷಯಕ್ಕೆ ವಾದ ಮಾಡುತ್ತಿದ್ದವಳು ಅವಳೇ.

ಒಂದೇ ಒಂದು ಸಲ ಅವಳ ಮನಸ್ಸಿಗೆ ಮುಳ್ಳು ತಾಗಿತ್ತು. ಅಚ್ಚಾದ ಪುಸ್ತಕದಲ್ಲಿ ಅವಳ ಚೀಟಿಯ 'ಹೆಂಡತಿ' ಎಂಬಲ್ಲಿ 'ವಿಧವೆ' ಎಂದಿತ್ತು. ಹೆಣ ಸಿಗದೆ ನಾನು ವಿಧವೆ ಹೇಗೆ ಎಂದು ಅವಳು ಕೇಳಿದ್ದಳು. ಕಾಯಿದೆಯ ಭಾಷೆ ಹಾಗಿರುತ್ತದೆ ಎಂದು ವಕೀಲರು ತೇಲಿಸಿದ್ದರು.

ಐವತ್ತಮೂರರ ಶ್ರಾವಣದಲ್ಲಿ ಹೈದರಾಬಾದಿನಿಂದ ಪತ್ರ ಬಂತು. ದಂಡ ಕಾಯಿದೆ ಹೇಗೆ ತಿದ್ದಬೇಕೆಂದು ಸಲಹೆ ಕೊಡಲು ವಕೀಲರದೊಂದು ಸಮಿತಿ ಕೂಡುತ್ತದೆ, ತಮ್ಮ ಪುಸ್ತಕವನ್ನು ಬೆಳೆಸಿ ಕಳಿಸಿರಿ ಎಂದು. ಅಂದಿನಿಂದ ವಕೀಲರಿಗೆ ಊಟದ ಮೇಲೂ ಲಕ್ಷ್ಯವಿಲ್ಲ. ಮೂರನೆಯ ಅಧ್ಯಾಯಕ್ಕೆ ಕೆಳಗಿನ ಅದಾಲತ್ತಿನ ಫೈಸಲೆಯ, ಅಂದರೆ ತೀರ್ಪಿನ, ನಾಲ್ಕು ಸಾಲು ಬೇಕಿತ್ತು. ಅವರೇ ಎದ್ದು, ಗೋಡೆಯ ಹಲಗೆಯ ಮೇಲೆ ಕೈಯಾಡಿಸಿ, ಒಂದು ಬಸ್ತಾ ತೆಗೆದು ಅವಳ ಮುಂದಿಟ್ಟರು.

ಬಸ್ತಾ ಎಂದರೆ ಮೊಕದ್ದಮೆಯ ಕಾಗದಗಳನ್ನು ಕಟ್ಟಿಟ್ಟ ಬಟ್ಟೆಯ ಗಂಟು. ಅವರ ಹಳೆಯ ಮುನ್ಷಿ ಸಲಾವುದ್ದೀನ್ ಅವುಗಳನ್ನು ಕಟ್ಟಲು ಒಂದು ಪದ್ಧತಿ ಇಟ್ಟಿದ್ದ. ನಡೆಯುತ್ತಿರುವ ಮೊಕದ್ದಮೆಗೆ ಒಂದು ಗಂಟು, ಮುಗಿದದ್ದಕ್ಕೆ ಎರಡು. ಕಣ್ಣು ಹೋದ ಮೇಲೆ ವಕೀಲರು ಹಲಗೆಯ ಮೇಲಿನ ಜಾಗವನ್ನೂ ಗಂಟುಗಳನ್ನೂ ಬೆರಳಿನಿಂದ ಮುಟ್ಟಿಯೇ ಬಸ್ತಾ ಗುರುತಿಸುತ್ತಿದ್ದರು. ಮೂರು ಗಂಟಿನವು ಒಂದಿಷ್ಟಿದ್ದವು, ವಕೀಲರೊಬ್ಬರೇ ನೋಡತಕ್ಕವು. ಅದನ್ನು ಜೈನಾಬಿಗೆ ಯಾರೂ ಹೇಳಿರಲಿಲ್ಲ. ಮುನ್ಷಿ ಅವಳು ಬರುವ ಮೊದಲೇ ಮಗನ ಹತ್ತಿರ ಹೈದರಾಬಾದಿಗೆ ಹೋಗಿಬಿಟ್ಟಿದ್ದ. ಬೇಸಿಗೆಯಲ್ಲಿ ಗೆದ್ದಲು ಹತ್ತಿದಾಗ ಅವಳು ಹರಿದ ಬಟ್ಟೆಗಳನ್ನೆಲ್ಲ ಬದಲಿಸಿ, ಮುಗಿದ ಮೊಕದ್ದಮೆಗೆ ಮುದುಕ ಯಾಕೆ ಮೂರು ಹಾಕಿದ್ದಾನೋ ಎಂದು ಎಲ್ಲಕ್ಕೂ ಎರಡೆರಡೇ ಗಂಟು ಹಾಕಿ ಇಟ್ಟಿದ್ದಳು. ಒಳಗಿನ ಕಾಗದದ ಲಕೋಟೆಗಳನ್ನು ಬಿಚ್ಚಿರಲಿಲ್ಲ. ಕಮಲಾಪುರದ ಮೊಕದ್ದಮೆಯ ಎರಡು ಬಸ್ತಾಗಳು ಅಕ್ಕಪಕ್ಕವೇ ಇದ್ದುದರಿಂದ ವಕೀಲರ ಬೆರಳಿಗೆ ಈಗ ವ್ಯತ್ಯಾಸ ಸಿಕ್ಕಿರಲಿಲ್ಲ.

"ಮೊದಲನೇ ಹಾಳಿ ಓದು, ಬೇಟಿ," ಎಂದರು ವಕೀಲರು.

ಅವಳು ಲಕೋಟೆ ಬಿಚ್ಚಿದಳು. ಅದು ಫೈಸಲೆಯಲ್ಲ. ಯಾರೋ ಕೈಯಾರೆ ಬರೆದುಕೊಟ್ಟ ಹೇಳಿಕೆ, ಬಯಾನು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಮಾತುಗಳಲ್ಲ, ಗೆರೆಗಳು. ಪ್ರತಿ ಸಾಲಿನ ಕೊನೆಗೆ ಉಳಿದ ಜಾಗವನ್ನು ಒಂದೊಂದು ಉದ್ದ ಗೆರೆ ಎಳೆದು ತುಂಬಲಾಗಿತ್ತು.

ಕಮಲಾಪುರದ ಶಾಲೆಯಲ್ಲಿ ಹಾಗೆ ಬರೆಯುತ್ತಿದ್ದರು. ಸಾಲಿನಲ್ಲಿ ಜಾಗ ಉಳಿಸಬೇಡಿ, ಗೆರೆ ಎಳೆಯಿರಿ, ನಾಳೆ ನಿಮ್ಮ ಮಾತಿಗೆ ಬೇರೆಯವರು ತಮ್ಮ ಮಾತು ಸೇರಿಸಬಾರದು ಎಂದು ನಬಿಸಾಬ್ ಮಾಸ್ತರರು ಮಕ್ಕಳ ಬೆನ್ನು ಹತ್ತಿ ಕಲಿಸುತ್ತಿದ್ದರು. ಅವಳಿಗೂ ಕಲಿಸಿದ್ದರು. ಒಂದು ಕ್ಷಣ ಅವಳಿಗೆ ಇದು ಮಾಸ್ತರರದೇ ಕಾಗದ ಎನಿಸಿತು. ಕೆಳಗೆ ನೋಡಿದರೆ ದತ್ತಪ್ಪನ ಸಹಿ.

"ಯಾಕ ನಿಂತಿ?"

"ಶಾಯಿ ಹರಡ್ಯಾದ್ರಿ, ಅಕ್ಷರ ಹತ್ತವಲ್ದು," ಎಂದಳು. ಎರಡು ವರ್ಷದಲ್ಲಿ ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಬಿಸಿಲಿನ ಕಡೆ ಹಿಡಿದು ನೋಡು ಎಂದರು ಅವರು. ಅವಳು ಕಿಟಕಿಯ ಹತ್ತಿರ ಹೋಗಿ ಮನಸ್ಸಿನಲ್ಲೇ ಓದಿದಳು. ಬಯಾನಿನ ತಾರೀಖು ನಲವತ್ತೊಂಬತ್ತರ ಜನವರಿಯದು. ಅವಳು ಚೀಟಿ ಬರೆದುಕೊಟ್ಟದ್ದು ಅದಾಗಿ ಒಂದು ವರ್ಷಕ್ಕೂ ಮೇಲೆ. ಮಾಸ್ತರರು ಏನೂ ಮಾಡಿದವರಲ್ಲ, ಅಣ್ಣ ಸತ್ತ ಸಿಟ್ಟಿಗೆ ನಾವು ಏಳು ಜನ ಕೂಡಿ ಮಾಡಿದೆವು ಎಂದು ದತ್ತಪ್ಪ ಬರೆದಿದ್ದ. ಏಳೂ ಹೆಸರುಗಳಿದ್ದವು. ಮಾಸ್ತರರು ಕೊನೆಗೆ ತನ್ನ ಹೆಸರು ಹಿಡಿದು ಕರೆದರೆಂದೂ ಬರೆದಿದ್ದ. ಹೆಣವನ್ನು ನಮ್ಮ ತೋಟದ ಮೂಡಣ ಬದಿಯ ಹಾಳುಬಾವಿಯಲ್ಲಿ ಹಾಕಿ ಕಲ್ಲು ಮಣ್ಣು ತುಂಬಿದ್ದೇವೆ. ಇದನ್ನು ಎಲ್ಲರಿಗಿಂತ ಮೊದಲು ಮಾಸ್ತರರ ಮನೆಯವರಿಗೆ ತಿಳಿಸಬೇಕು. ಅವರು ಫಾಶಿ ಬೇಕೆಂದರೆ ಅದಕ್ಕೂ ನಾನು ತಯಾರು.

ಅದರ ಮುಂದೆ ಒಂದು ಗೆರೆ.

ಜೈನಾಬಿ ಕಾಗದ ಮಡಚಿ ಸೆರಗಿನೊಳಗೆ ಸೇರಿಸಿದಳು. ತಲೆ ನೋಯುತ್ತಿದೆ ಎಂದು ಹೇಳಿ ಬುರ್ಖಾ ಹಾಕಿಕೊಂಡಳು. ವಿಮಲಾಬಾಯಿ ಚಹಾ ಕುಡಿದು ಹೋಗು ಎಂದದ್ದು ಅವಳಿಗೆ ಕೇಳಿಸಿತು, ಏನು ಉತ್ತರ ಕೊಟ್ಟಳೋ ಆಮೇಲೆ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ಐದು ವರ್ಷದಿಂದ ಅವಳು ಈ ಊರಿಗೆ ಕಾಲಿಟ್ಟಿರಲಿಲ್ಲ. ಶಾಲೆಯ ಕಡೆ ನೋಡದೆ ತೋಟದ ದಾರಿ ಹಿಡಿದಳು. ಕೆಂಪು ಬಾಳೆಯ ಗೊನೆಗಳು ನೆಲಕ್ಕೆ ಜೋತಿದ್ದವು. ವರ್ಷಕ್ಕೊಮ್ಮೆ ಇಂಥದ್ದೊಂದು ಗೊನೆ ಬಸ್ಸಿನವರ ಕೈಯಲ್ಲಿ ರೋಜಾಕ್ಕೆ ಬರುತ್ತಿತ್ತು, ದತ್ತಪ್ಪನ ಹೆಂಡತಿ ಮಾನಮ್ಮ ಕಳಿಸಿದ್ದೆಂದು. ಕೊಂದವರ ಮನೆಯ ಹಣ್ಣು ಕಳಿಸಲು ಇವರಿಗೆ ಎಷ್ಟು ಸೊಕ್ಕು ಎಂದು ಬೇಗಂ ಅದನ್ನು ಹೊಸಲು ದಾಟಿಸುತ್ತಿರಲಿಲ್ಲ. ಜೈನಾಬಿಗೂ ಅದು ಸೊಕ್ಕೆಂದೇ ತೋರಿತ್ತು.

ಮಾನಮ್ಮ ತೋಟದಲ್ಲೇ ಇದ್ದಳು. ಬುರ್ಖಾದ ಮುಸುಕು ಸರಿಯುತ್ತಲೇ ಗುರುತು ಹಿಡಿದು, ಕೈಯ ಕುಡಗೋಲು ಕೆಳಗಿಟ್ಟು, ಸೆರಗು ಹೊದ್ದು ನಿಂತಳು.

"ಈಗ ಬಂದ್ರೇನ್ರಿ ಮಾಸ್ತರಬಾಯಿ," ಎಂದಳು. "ವರ್ಷಾ ವರ್ಷಾ ಗೊನಿ ಕಳಸೀನಿ, ಅದನ್ನ ನೋಡ್ಯಾರ ಬರ್ತೀರಿ ಅಂತ. ನೀವು ಬರಲಿಲ್ಲ."

"ನಾ ಬರ್ತೀನಿ ಅಂತ ನಿನಗ್ಯಾರ್ ಹೇಳಿದ್ರು?"

"ವಕೀಲರು ಹೇಳಿದ್ರಲ್ರಿ. ಎಲ್ಲಾ ತಿಳಿಸೀನಿ, ಎಲ್ಲಾ ತಿಳಿದೇ ಆಕಿ ಚೀಟಿ ಕೊಟ್ಟಾಳ, ಜಾಗ ಹಂಗೇ ಇರಲಿ ಅಂದಾಳ ಅಂತ. ಜೈಲಿನ್ಯಾಗ ನಮ್ಮವರೂ ಹಂಗೇ ತಿಳ್ಕೊಂಡಾರ. ಮಾಸ್ತರಬಾಯಿ ದೊಡ್ಡ ಮನಸ್ಸಿನಾಕಿ ಅಂತ ಅಳತಾರ." ಅವಳು ಜೈನಾಬಿಯ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, "ಹೇಳಿಲ್ಲೇನ್ರಿ ನಿಮಗ?" ಎಂದಳು.

ಜೈನಾಬಿಯ ತಲೆಯಲ್ಲಿ ಆ ವರ್ಷಗಳು ಒಂದೊಂದೇ ಬಣ್ಣ ಬದಲಿಸುತ್ತಿದ್ದವು. ಬಾಯಿ ಬಿಡಲೊಲ್ಲ ಎಂದು ವಕೀಲರು ಹೇಳಿದ ದತ್ತಪ್ಪ ಎಲ್ಲರಿಗಿಂತ ಮೊದಲೇ ಬಾಯಿ ಬಿಟ್ಟಿದ್ದ. ಪಶ್ಚಾತ್ತಾಪಕ್ಕೆ ಕಾಲ ಬೇಕು ಎಂದು ಅವರು ಹೇಳುತ್ತಿದ್ದಾಗ ಅದು ಅವರದೇ ಹಲಗೆಯ ಮೇಲೆ, ಮೂರು ಗಂಟಿನೊಳಗೆ, ಅವಳು ಕೂರುವ ಚಾಪೆಯಿಂದ ಎರಡು ಮಾರು ದೂರದಲ್ಲಿತ್ತು.

ಮೂಡಣ ಬದಿಯಲ್ಲಿ ಒಂದು ದುಂಡನೆಯ ಜಾಗದಲ್ಲಿ ಬಾಳೆ ಇರಲಿಲ್ಲ. ದನ ತುಳಿಯದಂತೆ ಸುತ್ತ ಜಾಲಿಮುಳ್ಳು ಹಾಕಿದ್ದರು. ನಡುವೆ ಸುಣ್ಣ ಬಳಿದ ಒಂದು ಕಲ್ಲು. ನಿಮ್ಮವರಲ್ಲಿ ಏನು ಮಾಡುತ್ತಾರೋ ತಿಳಿಯದೆ ಕಲ್ಲಿಗೆ ಸುಣ್ಣವನ್ನಷ್ಟೇ ಹಚ್ಚುತ್ತ ಬಂದಿದ್ದೇನೆ ಎಂದು ಮಾನಮ್ಮ ದೂರದಲ್ಲಿ ನಿಂತು ಹೇಳಿದಳು. ಜೈನಾಬಿ ಮುಳ್ಳಿನ ಹೊರಗೇ ಕೂತು ಫಾತೇಹಾ ಓದಿದಳು. ಬಳೆ ಒಡೆಯಲಿಲ್ಲ. ಕಲ್ಲು ಮಣ್ಣಿನಡಿಯಿಂದ ಎತ್ತಿ, ಮೈ ತೊಳೆಸಿ, ಮಾಸ್ತರರ ತಂದೆತಾಯಿ ಮಲಗಿದ ಕಬರಸ್ತಾನದಲ್ಲಿ ಅವರನ್ನು ಮಲಗಿಸುವವರೆಗೆ ಒಡೆಯುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಏಳುವಾಗ ಮಾನಮ್ಮ ಕೊಟ್ಟ ಎರಡು ಹಣ್ಣುಗಳನ್ನು ತೆಗೆದುಕೊಂಡಳು. ಬಸ್ಸಿನಲ್ಲಿ ಒಂದನ್ನು ತಿಂದಳು.

ಮರುದಿನ ಹತ್ತು ಗಂಟೆಗೆ ಎಂದಿನಂತೆ ಚಾಪೆಯ ಮೇಲೆ ಕೂತಳು. ವಕೀಲರು ತಲೆನೋವು ಹೇಗಿದೆ ಎಂದು ವಿಚಾರಿಸಿದರು, ಫೈಸಲೆ ಎಲ್ಲಿಗೆ ನಿಂತಿತ್ತು ಎಂದು ಕೇಳಿದರು. ಅವಳು ಸೆರಗಿನ ಒಳಗಿನಿಂದ ಬಯಾನು ತೆಗೆದು, ಮೊದಲಿನಿಂದ ಕೊನೆಯವರೆಗೆ, ಬೇರೆ ಕಾಗದ ಓದುವ ಧ್ವನಿಯಲ್ಲೇ ಓದಿದಳು. ಮೂರನೆಯ ಸಾಲಿಗೆ ವಕೀಲರ ಬೆರಳು ಮೊಳಕಾಲ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿತು. ಅವರು ನಡುವೆ ತಡೆಯಲಿಲ್ಲ.

ಆಮೇಲೆ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಅವಳಿಗೇ ಬರೆಸಿದ್ದ ಮಾತುಗಳು. ಕಕ್ಷಿದಾರ ಒಪ್ಪಿಸಿದ ಗುಟ್ಟು ವಕೀಲನದಲ್ಲ. ಹೆಣ ಹೊರಗೆ ಬಂದಿದ್ದರೆ ದತ್ತಪ್ಪನ ಕೊರಳು ಉಳಿಯುತ್ತಿರಲಿಲ್ಲ. ಇನ್ನೂ ಆರು ಕೊರಳುಗಳಿದ್ದವು.

"ಗುಟ್ಟಲ್ರಿ ಅದು," ಎಂದಳು ಜೈನಾಬಿ. "ನನಗ ಹೇಳ್ರಿ ಅಂತನೇ ಬರದಾನ."

"ಹೇಳಿದ್ರ ನೀ ಆ ಚೀಟಿ ಬರೀತಿದ್ದೇನು?"

ಅವಳು ಈ ಪ್ರಶ್ನೆಯನ್ನು ಹಿಂದಿನ ದಿನ ಬಸ್ಸಿನಲ್ಲೇ ತನಗೆ ಕೇಳಿಕೊಂಡಿದ್ದಳು. "ಬರೀತಿದ್ದೆನೋ ಇಲ್ಲೋ, ನನಗೂ ಗೊತ್ತಿಲ್ರಿ," ಎಂದಳು. "ಬರದಿದ್ರ ಅದು ನಂದಾಗ್ತಿತ್ತು. ಇದು ನಿಮ್ಮದು. ಹೋಗ್ಲಿ, ಅವನ ಜೀವ ಉಳಿದ ಮ್ಯಾಲ ಯಾಕ ಹೇಳಲಿಲ್ರಿ?"

ಇದಕ್ಕೆ ವಕೀಲರು ಮಾತು ಹುಡುಕಿ ಹುಡುಕಿ ಹೇಳಿದರು. ಹೈಕೋರ್ಟು ಒಪ್ಪಿದ್ದು ಹೆಣವಿಲ್ಲ ಎಂಬ ಒಂದೇ ಸಂಶಯದ ಮೇಲೆ. ಪುಸ್ತಕದ ಮೂರನೆಯ ಅಧ್ಯಾಯ ನಿಂತಿರುವುದೂ ಅದರ ಮೇಲೆ. ಸಂಶಯವೇ ಇರಲಿಲ್ಲ, ವಕೀಲನಿಗೆ ಎಲ್ಲಾ ಗೊತ್ತಿತ್ತು ಎಂದಾದರೆ ಫಾಶಿ ಬೇಕೆನ್ನುವವರು ಅದನ್ನೇ ಹಿಡಿದು ಕುಣಿಯುತ್ತಾರೆ. ಇಷ್ಟು ವರ್ಷದ ಕೆಲಸ ಒಂದು ದಿನಕ್ಕೆ ನಗೆಪಾಟಲಾಗುತ್ತದೆ. ಎಷ್ಟು ಜನರ ಜೀವ ಅದರ ಮೇಲಿದೆ ಎಂಬುದನ್ನು ಓದಿದವಳು ನೀನೇ ಅಲ್ಲವೇ? ಎರಡು ತಿಂಗಳು ತಡಿ, ಸಮಿತಿಯ ಕೆಲಸ ಮುಗಿಯಲಿ, ಆಮೇಲೆ ನಾನೇ ಮುಂದೆ ನಿಂತು ಬಾವಿ ತೆಗೆಸುತ್ತೇನೆ.

ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ಜೈನಾಬಿಗೆ ತಿಳಿಯುತ್ತಿತ್ತು. ಅವರಿಗೆ ನಿಜವಾಗಿಯೂ ಆ ಜೀವಗಳ ಚಿಂತೆಯಿತ್ತು. ಮಾಸ್ತರರ ಹೆಂಡತಿಯೊಬ್ಬಳು ಅವುಗಳಲ್ಲಿ ಸೇರಿರಲಿಲ್ಲ, ಅಷ್ಟೇ. ಅವಳು ಪುಸ್ತಕದ ಮೂರನೆಯ ಅಧ್ಯಾಯದ ಕೊನೆಯ ಪುಟ. ಎಲ್ಲಾ ಗೊತ್ತಿದ್ದುದರಿಂದಲೇ ಆಗ ಅಚ್ಚಿನಲ್ಲಿ ಅವಳನ್ನು ಅಷ್ಟು ಖಾತ್ರಿಯಿಂದ ವಿಧವೆ ಎಂದಿದ್ದರು.

"ನಾ ಕಮಲಾಪುರದ ಕಚೇರಿಗೆ ಅರ್ಜಿ ಬರಕೊಂಡು ಬಂದೀನಿ," ಎಂದಳು. "ಯಾವ ಕಾಗದಾನೂ ಕಳಸೋ ಮೊದಲ ಒಮ್ಮೆ ಓದಿ ಕೇಳಿಸ್ಬೇಕು ಅಂತ ನೀವೇ ಕಲಿಸೀರಿ. ಕೇಳ್ರಿ."

ಓದಿದಳು. ತೋಟದ ಮೂಡಣ ಬದಿಯ ಹಾಳುಬಾವಿಯಲ್ಲಿ ನನ್ನ ಗಂಡ ನಬಿಸಾಬ್ ಮಾಸ್ತರರ ಹೆಣವಿದೆ. ಅದನ್ನು ತೆಗೆಸಿ ಮಣ್ಣು ಮಾಡಲು ನನಗೆ ಒಪ್ಪಿಸಬೇಕು. ದತ್ತಪ್ಪನಿಗಾಗಲಿ ಉಳಿದ ಆರು ಜನರಿಗಾಗಲಿ ಫಾಶಿಯಾಗಬಾರದು ಎಂಬುದು ನನ್ನ ಮಾತು, ಈಗ ಎಲ್ಲಾ ತಿಳಿದು ಹೇಳುತ್ತಿದ್ದೇನೆ. ಹೆಣವಿರುವ ಜಾಗ ನನಗೆ ತಿಳಿದದ್ದು ಕಲಬುರಗಿಯ ವಕೀಲ ಹಣಮಂತರಾಯರು ನಲವತ್ತೊಂಬತ್ತರಿಂದ ತಮ್ಮಲ್ಲಿ ಇಟ್ಟುಕೊಂಡಿದ್ದ ಕಾಗದದಿಂದ.

ಒಳಗೆ ವಿಮಲಾಬಾಯಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ವಕೀಲರು, ಯಾವ ಕಾಗದ ಕೇಳಿದರೂ ತಿದ್ದುವ ಅಭ್ಯಾಸದಿಂದಲೋ ಏನೋ, ಮುಖ ಅವಳ ಕಡೆ ತಿರುಗಿಸಿ ಮೆತ್ತಗೆ ಹೇಳಿದರು:

"ಕೊನೀ ಸಾಲಿನ್ಯಾಗ ನನ್ನ ಹೆಸರು ಬ್ಯಾಡ, ಬೇಟಿ. ವಿಶ್ವಾಸದವರೊಬ್ಬರಿಂದ ತಿಳೀತು ಅಂತ ಬರಿ. ಅಷ್ಟ ಸಾಕಾಗ್ತದ."

"ಅದು ಸುಳ್ಳಾಗ್ತದ್ರಿ, ವಕೀಲಸಾಬ್," ಎಂದಳು ಜೈನಾಬಿ.

ಲೆಕ್ಕಣಿಕೆಯನ್ನು ಶಾಯಿಯಲ್ಲಿ ಅದ್ದಿ, ಅವರ ಹೆಸರಿರುವ ಸಾಲಿನ ಮುಂದೆ ಉಳಿದ ಜಾಗಕ್ಕೆ ಒಂದು ಗೆರೆ ಎಳೆದಳು. ಶಾಯಿ ಆರುವವರೆಗೆ ಕಾಯ್ದು, ಮಡಚಿಕೊಂಡು, ಗೂಟದ ಮೇಲಿನ ಬುರ್ಖಾ ತೆಗೆದುಕೊಂಡಳು.